ಅಮೆರಿಕಕ್ಕೆ ಹೋಗುವ ಹಿರಿಯರು ಮಾಂಟ್‌ಗೊಮರಿಗೂ ಹೋಗಿಬರಲಿ

ಮಾನ್ಯ ಸಂಪಾದಕರೇ,

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಡುವ ತಂದೆತಾಯಂದಿರಿಗಾಗಿ ತಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಮಾರ್ಗದರ್ಶಿ ಲೇಖನವನ್ನು ನಾನೂ ನನ್ನ ಪತ್ನಿಯೂ ಆಸಕ್ತಿಯಿಂದ ಓದಿದೆವು. ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರಾ, ಒರ್ಲ್ಯಾಂಡೊ, ಲಾಸ್ ವೇಗಸ್ ಎಂದು ಸಾಗುವ ಆ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಜೀವಮಾನದಲ್ಲಿ ಒಮ್ಮೆ ಅಷ್ಟು ದೂರ ಹೋಗುವವರು ನಯಾಗರಾ ನೋಡದೆ ಬರಬೇಕೆಂದು ಯಾರೂ ಹೇಳಲಾರರು. ಆದರೆ ಆ ದೇಶದ ದಕ್ಷಿಣ ಭಾಗದ ಒಂದು ನಡುಗಾತ್ರದ ಊರಿಗೆ, ಕಪ್ಪು ಜನರ ಸಮಾನ ಹಕ್ಕಿನ ಹೋರಾಟಕ್ಕೆ ಹೆಸರಾದ, ಅಲಬಾಮಾ ರಾಜ್ಯದ ರಾಜಧಾನಿಯಾದ ಮಾಂಟ್‌ಗೊಮರಿಗೆ, ಇಂತಹ ಪಟ್ಟಿಗಳಲ್ಲಿ ಎಂದೂ ಜಾಗ ಸಿಗದಿರುವುದು ನನಗೆ ಬಹಳ ಕೊರತೆಯಾಗಿ ಕಾಣುತ್ತದೆ. ಅಲ್ಲಿಗೆ ಹೋಗಿಬಂದವನಾಗಿ, ಹೋಗುವವರು ಏನು ಯೋಜಿಸಿಕೊಳ್ಳಬೇಕು, ಏಕೆ ಹೋಗಬೇಕು ಎಂಬುದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ಸಾಧ್ಯವಾದರೆ ಮೊಟಕುಗೊಳಿಸದೆ ಪ್ರಕಟಿಸಬೇಕೆಂದು ವಿನಂತಿ.

ನಾನು ನಮ್ಮ ರಾಜ್ಯದ ರಸ್ತೆ ಸಾರಿಗೆ ನಿಗಮದಲ್ಲಿ ನಿರ್ವಾಹಕನಾಗಿ ಕೆಲಸಕ್ಕೆ ಸೇರಿ ಸಂಚಾರ ನಿಯಂತ್ರಕನಾಗಿ ನಿವೃತ್ತನಾದವನು. ಪತ್ನಿ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವರು. ಮಗಳು ಮತ್ತು ಅಳಿಯ ಅಟ್ಲಾಂಟಾದ ಹೊರವಲಯದಲ್ಲಿದ್ದಾರೆ. ಸಂದರ್ಶಕರ ವೀಸಾದಲ್ಲಿ ಹೋದ ಹಿರಿಯರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅವಕಾಶ ಸಿಗುತ್ತದೆ ಎಂಬುದು ತಮ್ಮ ಓದುಗರಿಗೆ ಗೊತ್ತೇ ಇದೆ. ಆ ಆರು ತಿಂಗಳಲ್ಲಿ ಮಕ್ಕಳಿಗೆ ರಜೆ ಸಿಗುವುದು ಕೆಲವೇ ದಿನ. ಉಳಿದಂತೆ ಮೊಮ್ಮಕ್ಕಳ ಶಾಲೆ, ಅಡುಗೆಮನೆ, ಸಂಜೆಯ ನಡಿಗೆ, ವಾರಾಂತ್ಯದ ದೇವಸ್ಥಾನ, ಇಷ್ಟೇ. ಆದ್ದರಿಂದ ಆ ಕೆಲವು ದಿನಗಳನ್ನು ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆ ಸಣ್ಣದಲ್ಲ.

ಊರಿನಿಂದ ಹೊರಡುವ ಮುನ್ನ ನಾವು ವಿಚಾರಿಸಿದ ಪ್ರವಾಸ ಏಜೆಂಟರೊಬ್ಬರು ಅಟ್ಲಾಂಟಾದ ಸುತ್ತಮುತ್ತ ಏನೇನು ನೋಡಬಹುದೆಂದು ಪಟ್ಟಿ ಮಾಡಿಕೊಟ್ಟರು. ಮಾಂಟ್‌ಗೊಮರಿಯ ಹೆಸರೆತ್ತಿದಾಗ, ‘ಅಲ್ಲಿ ನೋಡುವಂಥದ್ದೇನೂ ಇಲ್ಲ ಸಾರ್, ಸಣ್ಣ ಊರು’ ಎಂದುಬಿಟ್ಟರು. ಸಣ್ಣ ಊರೆಂಬುದು ನಿಜ. ಅಲ್ಲಿನ ಜನಸಂಖ್ಯೆ ಸುಮಾರು 2 ಲಕ್ಷ, ನಮ್ಮ ಶಿವಮೊಗ್ಗಕ್ಕಿಂತ ಕಡಿಮೆ. ನೋಡುವಂಥದ್ದೇನೂ ಇಲ್ಲ ಎಂಬ ಮಾತು ಮಾತ್ರ ಪೂರ್ತಿ ತಪ್ಪು.

ಅಟ್ಲಾಂಟಾದಿಂದ ಮಾಂಟ್‌ಗೊಮರಿಗೆ ಐ-85 ಹೆದ್ದಾರಿಯಲ್ಲಿ ಸುಮಾರು 160 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 250 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಪ್ರಯಾಣಿಕರ ರೈಲು ಇಲ್ಲ. ಊರೊಳಗಿನ ಸಿಟಿ ಬಸ್ಸನ್ನು ನಂಬಿಕೊಂಡು ಪ್ರವಾಸಿಗರು ಓಡಾಡುವುದು ಕಷ್ಟ, ಆದ್ದರಿಂದ ಮಕ್ಕಳ ಕಾರು ಅಥವಾ ಬಾಡಿಗೆ ಕಾರು ಬೇಕೇ ಬೇಕು. ಇಲ್ಲಿ ಒಂದು ಎಚ್ಚರಿಕೆ: ಜಾರ್ಜಿಯಾ ದಾಟಿ ಅಲಬಾಮಾಗೆ ಕಾಲಿಟ್ಟ ಕೂಡಲೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಅಟ್ಲಾಂಟಾ ಬಿಟ್ಟರೆ ಎಂಟೂವರೆಗೇ ಅಲ್ಲಿರುತ್ತೀರಿ. ಆದರೆ ಹಿಂತಿರುಗುವಾಗ ಸಂಜೆ ನಾಲ್ಕಕ್ಕೆ ಹೊರಟವರು ಅಟ್ಲಾಂಟಾ ತಲುಪುವಷ್ಟರಲ್ಲಿ ಅಲ್ಲಿನ ಗಡಿಯಾರದಲ್ಲಿ ಏಳೂವರೆ. ಅದೇ ರಾತ್ರಿ ಅಟ್ಲಾಂಟಾದಿಂದ ವಿಮಾನ ಹಿಡಿಯಬೇಕಾದವರು ಈ ಒಂದು ಗಂಟೆಯನ್ನು ಮರೆತರೆ ವಿಮಾನ ತಪ್ಪುವುದು ಖಂಡಿತ. ವೇಳಾಪಟ್ಟಿಯಲ್ಲೇ ಜೀವನ ಕಳೆದ ನಾನು ಇದನ್ನು ಕಾಗದದ ಮೇಲೆ ಬರೆದುಕೊಂಡೇ ಹೊರಟಿದ್ದೆ.

ಹೀಗೆ ಬರೆದುಕೊಂಡು ಹೊರಟ ನನಗೂ ಮೊದಲ ಪ್ರಯಾಣ ಕೈಕೊಟ್ಟಿತು. ಮಗಳಿಗೆ ಸೋಮವಾರ ರಜೆ ಸಿಕ್ಕಿತೆಂದು ಒಂದೇ ದಿನದಲ್ಲಿ ಹೋಗಿಬರುವ ಯೋಜನೆ ಹಾಕಿದೆವು. ಹೋಗಿ ನೋಡಿದರೆ ಮುಖ್ಯವಾದ ವಸ್ತುಸಂಗ್ರಹಾಲಯವೂ ಸ್ಮಾರಕವೂ ಆ ದಿನ ಮುಚ್ಚಿದ್ದವು. ನಾನು ಮುಂದೆ ಹೇಳಲಿರುವ ಡೆಕ್ಸ್ಟರ್ ಚರ್ಚಿನ ಬಾಗಿಲಲ್ಲಿ, ಒಳಗೆ ನೋಡಲು ಮೊದಲೇ ಸಮಯ ಕಾಯ್ದಿರಿಸಬೇಕಿತ್ತೆಂದು ತಿಳಿಯಿತು. ಖಾಲಿ ಬೀದಿಯಲ್ಲಿ ಒಂದು ಗಂಟೆ ನಡೆದು ವಾಪಸಾದೆವು. ಎರಡನೆಯ ಸಲ ಗುರುವಾರ ಹೋಗಿ ಶನಿವಾರ ಸಂಜೆ ಮರಳಿದೆವು. ಓದುಗರಿಗೆ ನನ್ನ ಮೊದಲ ಸಲಹೆ ಇದೇ: ಎರಡು ರಾತ್ರಿ ತಂಗುವಂತೆ, ವಾರದ ಮಧ್ಯದಿಂದ ವಾರಾಂತ್ಯದ ಕಡೆಗೆ ಬರುವಂತೆ ಯೋಜಿಸಿಕೊಳ್ಳಿ, ಯಾವ ದಿನ ಯಾವುದು ತೆರೆದಿರುತ್ತದೆ ಎಂಬುದನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ನೋಡಿಯೇ ಹೊರಡಿ.

ಮೊದಲ ದಿನ ಕಾರನ್ನು ನಿಲ್ಲಿಸಿ ಡೆಕ್ಸ್ಟರ್ ಅವೆನ್ಯೂ ಎಂಬ ರಸ್ತೆಯನ್ನು ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ಒಂದು ಕಿಲೋಮೀಟರೂ ಇಲ್ಲದ, ಸ್ವಲ್ಪ ಏರಾದ, ಅಗಲವಾದ ರಸ್ತೆ. ಮಂಡಿನೋವಿನವರೂ ನಿಧಾನವಾಗಿ ನಡೆಯಬಹುದು. ಕೆಳತುದಿಯಲ್ಲಿ ಕೋರ್ಟ್ ಸ್ಕ್ವೇರ್ ಎಂಬ ವೃತ್ತ, ನಡುವೆ ಹಳೆಯ ಕಾರಂಜಿ. ಅಂತರ್ಯುದ್ಧಕ್ಕೆ ಮೊದಲು ಈ ಜಾಗದಲ್ಲಿ ಗುಲಾಮರನ್ನು ಹರಾಜು ಹಾಕುತ್ತಿದ್ದರು. 1955ರ ಡಿಸೆಂಬರ್ 1ರ ಸಂಜೆ, ಬಟ್ಟೆ ಹೊಲಿಯುವ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್, ಬಿಳಿಯನಿಗೆ ಸೀಟು ಬಿಡದೆ ಬಂಧನಕ್ಕೊಳಗಾದ ಆ ಬಸ್ಸನ್ನು ಹತ್ತಿದ್ದೂ ಇಲ್ಲಿಯೇ. ಮೇಲ್ತುದಿಯಲ್ಲಿ ಬಿಳಿ ಗುಮ್ಮಟದ ಶಾಸನಸಭಾ ಭವನ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾಗಿ ಜೆಫರ್ಸನ್ ಡೇವಿಸ್ 1861ರ ಫೆಬ್ರವರಿಯಲ್ಲಿ ಪ್ರಮಾಣವಚನ ತೆಗೆದುಕೊಂಡ ಜಾಗಕ್ಕೆ ಅಲ್ಲಿ ಒಂದು ಲೋಹದ ನಕ್ಷತ್ರ ಹಾಕಿದ್ದಾರೆ. 1963ರ ಜನವರಿಯಲ್ಲಿ ರಾಜ್ಯಪಾಲ ಜಾರ್ಜ್ ವ್ಯಾಲೇಸ್ ವರ್ಣಭೇದ ಎಂದೆಂದಿಗೂ ಇರುತ್ತದೆಂದು ಘೋಷಿಸಿದ್ದೂ ಅದೇ ಭವನದ ಮುಂದೆ. ಎರಡು ವರ್ಷ ಎರಡು ತಿಂಗಳ ನಂತರ, 1965ರ ಮಾರ್ಚ್ 25ರಂದು, ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ 54 ಮೈಲಿ ನಡೆದು ಬಂದ ಮೆರವಣಿಗೆ ಇದೇ ರಸ್ತೆಯನ್ನು ಏರಿ ಆ ಮೆಟ್ಟಿಲುಗಳ ಬುಡದಲ್ಲಿ ನಿಂತಿತು. ಅಷ್ಟು ಹೊತ್ತಿಗೆ ಸುಮಾರು 25 ಸಾವಿರ ಜನ ಸೇರಿದ್ದರು.

ಶಾಸನಸಭಾ ಭವನಕ್ಕೆ ಕೂಗಳತೆಯಲ್ಲಿ, ಅದೇ ರಸ್ತೆಯ ಬದಿಯಲ್ಲಿ, ಕೆಂಪು ಇಟ್ಟಿಗೆಯ ಒಂದು ಪುಟ್ಟ ಚರ್ಚು ಇದೆ. 1954ರಿಂದ 1960ರವರೆಗೆ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿ ಪಾದ್ರಿಯಾಗಿದ್ದರು. ಬಂದಾಗ ಅವರಿಗೆ 25 ವರ್ಷ. ಇಷ್ಟು ಸಣ್ಣ ಚರ್ಚಿನ, ಇಷ್ಟು ಎಳೆಯ ಪಾದ್ರಿಯನ್ನು ಆ ಊರಿನ ಕಪ್ಪು ಜನ ತಮ್ಮ ಬಸ್ ಚಳವಳಿಯ ಮುಂದಾಳಾಗಿ ಆರಿಸಿಕೊಂಡರು ಎಂಬುದು ಆ ಕಟ್ಟಡದ ಮುಂದೆ ನಿಂತಾಗ ಹೆಚ್ಚು ಅಚ್ಚರಿ ಹುಟ್ಟಿಸುತ್ತದೆ.

ಇನ್ನು ಬಸ್ಸಿನ ವಿಷಯ. ಇದನ್ನು ನಾನು ಸ್ವಲ್ಪ ವಿವರವಾಗಿ ಬರೆಯದೆ ಇರಲಾರೆ. ರೋಸಾ ಪಾರ್ಕ್ಸ್ ಬಂಧನವಾದ ಸ್ಥಳದಲ್ಲಿಯೇ ಟ್ರಾಯ್ ವಿಶ್ವವಿದ್ಯಾಲಯದವರು ಅವರ ಹೆಸರಿನ ವಸ್ತುಸಂಗ್ರಹಾಲಯ ನಡೆಸುತ್ತಿದ್ದಾರೆ. ಅವರು ಕುಳಿತಿದ್ದ ಅಸಲಿ ಬಸ್ಸು ಇಲ್ಲಿಲ್ಲ. ಅದು ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿರುವ ಹೆನ್ರಿ ಫೋರ್ಡ್ ಸಂಗ್ರಹಾಲಯದಲ್ಲಿದೆ. ಆದರೆ ಅದೇ ಕಾಲದ ಮಾದರಿಯ ಒಂದು ಬಸ್ಸನ್ನು ನಿಲ್ಲಿಸಿ, ಅದರ ಕಿಟಕಿಗಳಲ್ಲಿ ಆ ಸಂಜೆ ನಡೆದ ಸಂಗತಿಯನ್ನು ಚಲಿಸುವ ಚಿತ್ರವಾಗಿ ತೋರಿಸುತ್ತಾರೆ. ಬಸ್ಸಿನಲ್ಲಿ 36 ಸೀಟು. ಮುಂದಿನ ಹತ್ತು ಬಿಳಿಯರದು. ಒಬ್ಬ ಬಿಳಿಯನೂ ಹತ್ತದಿದ್ದರೂ ಅವು ಖಾಲಿಯಾಗಿಯೇ ಇರಬೇಕು. ಕಪ್ಪು ಜನರು ಮುಂಬಾಗಿಲಲ್ಲಿ ಹತ್ತಿ ಹತ್ತು ಸೆಂಟ್ ಹಾಕಿ, ಕೆಳಗಿಳಿದು, ಹಿಂಬಾಗಿಲಿಗೆ ಹೋಗಿ ಮತ್ತೆ ಹತ್ತಬೇಕಿತ್ತು. ಅಷ್ಟರಲ್ಲಿ ಚಾಲಕ ಬಸ್ಸು ಬಿಟ್ಟುಕೊಂಡು ಹೋದದ್ದೂ ಉಂಟು. ಟಿಕೆಟ್ಟಿನ ದುಡ್ಡು ತೆಗೆದುಕೊಂಡು ಪ್ರಯಾಣಿಕರನ್ನು ಬಿಟ್ಟುಹೋಗುವುದೆಂದರೆ ಏನೆಂದು ನಮ್ಮ ವೃತ್ತಿಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರೋಸಾ ಪಾರ್ಕ್ಸ್ ಬಿಳಿಯರ ಸೀಟಿನಲ್ಲಿ ಕುಳಿತರು, ದಣಿದಿದ್ದರಿಂದ ಏಳಲಿಲ್ಲ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಎರಡೂ ಸರಿಯಲ್ಲ. ಅವರು ಕುಳಿತದ್ದು ಬಿಳಿಯರ ಮೀಸಲು ಸೀಟುಗಳ ಹಿಂದಿನ ಸಾಲಿನಲ್ಲಿ, ಕಪ್ಪು ಜನರು ಕೂರಬಹುದಾಗಿದ್ದ ಜಾಗದಲ್ಲಿ. ಮುಂದಿನ ಸೀಟುಗಳು ತುಂಬಿ ಒಬ್ಬ ಬಿಳಿಯ ನಿಂತಾಗ, ಚಾಲಕ ಆ ಸಾಲಿನ ನಾಲ್ವರನ್ನೂ ಏಳಲು ಹೇಳಿದ, ಏಕೆಂದರೆ ಒಂದೇ ಸಾಲಿನಲ್ಲಿ ಬಿಳಿಯರೂ ಕಪ್ಪು ಜನರೂ ಕೂರುವಂತಿರಲಿಲ್ಲ. ಮೂವರು ಎದ್ದರು, ಇವರು ಏಳಲಿಲ್ಲ. ಇನ್ನು ದಣಿವಿನ ಮಾತು: ಅವರು 1943ರಿಂದಲೂ ಕಪ್ಪುವರ್ಣೀಯರ ಹಕ್ಕುಗಳ ಸಂಘದ ಸ್ಥಳೀಯ ಶಾಖೆಯಲ್ಲಿ ಕಾರ್ಯದರ್ಶಿಯಾಗಿ ದುಡಿದಿದ್ದವರು, 1955ರ ಬೇಸಿಗೆಯಲ್ಲಿ ಟೆನೆಸ್ಸಿಯ ತರಬೇತಿ ಶಿಬಿರಕ್ಕೂ ಹೋಗಿಬಂದವರು. ಅವರಿಗಿಂತ ಒಂಬತ್ತು ತಿಂಗಳು ಮೊದಲು, ಮಾರ್ಚ್ 2ರಂದು, ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದು ವರ್ಷದ ಶಾಲಾ ಹುಡುಗಿ ಇದೇ ಊರಿನ ಬಸ್ಸಿನಲ್ಲಿ ಸೀಟು ಬಿಡದೆ ಪೊಲೀಸರಿಂದ ಬಂಧಿತಳಾಗಿದ್ದಳು. ಕೊನೆಗೆ ಬಸ್ಸಿನ ವರ್ಣಭೇದವನ್ನು ರದ್ದುಮಾಡಿದ ಮೊಕದ್ದಮೆಯಲ್ಲಿ ಆಕೆಯೂ ವಾದಿಗಳಲ್ಲೊಬ್ಬಳು. ನನ್ನ ಪತ್ನಿ ಮೂವತ್ತು ವರ್ಷ ಪಾಠ ಮಾಡಿಯೂ ಆ ಹುಡುಗಿಯ ಹೆಸರನ್ನು ಮೊದಲ ಬಾರಿ ಕೇಳಿದ್ದು ಅಲ್ಲಿಯೇ. ಅವರು ಆ ಫಲಕದ ಮುಂದಿನಿಂದ ಬಹಳ ಹೊತ್ತು ಕದಲಲಿಲ್ಲ.

ಡಿಸೆಂಬರ್ 5ರ ಸೋಮವಾರದಿಂದ ಬಸ್ ಬಹಿಷ್ಕಾರ ಆರಂಭವಾಯಿತು. ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್‌ಸನ್ ರಾತ್ರಿಯೆಲ್ಲ ಕುಳಿತು ಸಾವಿರಾರು ಕರಪತ್ರಗಳ ಪ್ರತಿ ತೆಗೆದು ಹಂಚಿಸಿದ್ದರು. ನಮ್ಮ ನುಡಿಯಲ್ಲಿ ಬಹಿಷ್ಕಾರ ಎಂಬ ಮಾತಿಗೆ ಬೇರೊಂದು ಕಹಿ ಅರ್ಥವೂ ಇದೆ. ನಮ್ಮ ಹಳ್ಳಿಗಳಲ್ಲಿ ಬಲಾಢ್ಯರು ಒಟ್ಟುಸೇರಿ ಬಡವರ ಕೇರಿಗೆ ಬಹಿಷ್ಕಾರ ಹಾಕುತ್ತಾರೆ, ಅಂಗಡಿಯಲ್ಲಿ ಸಾಮಾನು ಸಿಗದಂತೆ, ಕೂಲಿ ಸಿಗದಂತೆ ಮಾಡುತ್ತಾರೆ. ಮಾಂಟ್‌ಗೊಮರಿಯಲ್ಲಿ ಅದೇ ಆಯುಧವನ್ನು ಕೆಳಗಿನವರು ಕೈಗೆತ್ತಿಕೊಂಡರು. ಬಸ್ಸಿನ ಪ್ರಯಾಣಿಕರಲ್ಲಿ ಬಹುಪಾಲು ಅವರೇ ಇದ್ದರು. ಅವರು ಹತ್ತದಿದ್ದರೆ ಕಂಪನಿಗೆ ಓಡಿಸಲು ಜನವಿರಲಿಲ್ಲ.

ಸಾರಿಗೆಯವನಾಗಿ ನನ್ನನ್ನು ಬೆರಗುಗೊಳಿಸಿದ್ದು ಅವರು ಕಟ್ಟಿಕೊಂಡ ಪರ್ಯಾಯ ವ್ಯವಸ್ಥೆ. ಸುಮಾರು 300 ಕಾರುಗಳು, ಊರಿನಾದ್ಯಂತ ಹತ್ತುವ ಇಳಿಯುವ ನಿಲ್ದಾಣಗಳು, ನಡುಪೇಟೆಯ ಒಂದು ಕಾರು ನಿಲುಗಡೆ ಜಾಗದಲ್ಲಿ ಕೇಂದ್ರ. ಯಾವ ಬಡಾವಣೆಯಿಂದ ಎಷ್ಟು ಗಂಟೆಗೆ ಎಷ್ಟು ಜನ ಹೊರಡುತ್ತಾರೆ, ಅವರೆಲ್ಲ ಮನೆಗೆಲಸಕ್ಕೆಂದು ಯಾವ ದಿಕ್ಕಿಗೆ ಹೋಗುತ್ತಾರೆ ಎಂದು ಲೆಕ್ಕ ಹಾಕಿ ಮಾರ್ಗ ಗುರುತಿಸಲು, ಊರಿನ ಮೂಲೆಮೂಲೆ ಬಲ್ಲ ಅಂಚೆ ನೌಕರರು ನೆರವಾದರು. ಚರ್ಚುಗಳು ಉದ್ದನೆಯ ಸ್ಟೇಷನ್ ವ್ಯಾಗನ್ ಕಾರುಗಳನ್ನು ಕೊಂಡು ಓಡಿಸಿದವು. ಅಂಥದ್ದೊಂದು ಕಾರು ಸಂಗ್ರಹಾಲಯದಲ್ಲಿದೆ. ಸ್ಥಳೀಯ ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್ ಮೂಲಕ ವಿಮೆ ಮಾಡಿಸಿದರು. ಒಂದು ಡಿಪೋ, ಒಂದು ಕಾರ್ಯಾಗಾರವೂ ಇಲ್ಲದೆ ಇಷ್ಟನ್ನು ದಿನವೂ ನಡೆಸುವುದೆಂದರೆ ಎಂತಹ ದುಡಿಮೆ ಎಂಬುದು, ಹಬ್ಬದ ದಿನ ಹತ್ತು ಹೆಚ್ಚುವರಿ ಬಸ್ಸು ಹೊಂದಿಸಲು ಒದ್ದಾಡಿದ ನನ್ನಂಥವನಿಗೆ ಅರ್ಥವಾಗುತ್ತದೆ. ಬಹಿಷ್ಕಾರ ಒಟ್ಟು 381 ದಿನ ನಡೆಯಿತು. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು, ಅದರ ಆದೇಶ ಊರಿಗೆ ತಲುಪಿದ ಮೇಲೆ ಡಿಸೆಂಬರ್ 21ರ ಬೆಳಿಗ್ಗೆ ಜನ ಬಸ್ಸು ಹತ್ತಿ ಬೇಕಾದ ಸೀಟಿನಲ್ಲಿ ಕುಳಿತರು. ಆರಂಭದಲ್ಲಿ ಅವರು ಕೇಳಿದ್ದಾದರೂ ಏನು? ಚಾಲಕರು ಮರ್ಯಾದೆಯಿಂದ ನಡೆದುಕೊಳ್ಳಲಿ, ಮೊದಲು ಬಂದವರು ಮೊದಲು ಕೂರಲಿ, ಕಪ್ಪು ಜನರೇ ಹೆಚ್ಚಾಗಿ ಓಡಾಡುವ ಮಾರ್ಗಗಳಿಗೆ ಕಪ್ಪು ಚಾಲಕರನ್ನು ನೇಮಿಸಲಿ.

ಆ ಬಸ್ಸಿನ ಕಿಟಕಿಯಲ್ಲಿ ಚಾಲಕ ಎದ್ದು ಹಿಂದಕ್ಕೆ ನಡೆದು ಬರುವುದನ್ನು ನೋಡುತ್ತಿದ್ದಾಗ ನನಗೆ ನನ್ನ ಸೇವೆಯ ಆರಂಭದ ಒಂದು ದಿನ ನೆನಪಾಯಿತು. ಮಲೆನಾಡಿನ ಒಂದು ಹಳ್ಳಿಯ ಮಾರ್ಗ. ಬಸ್ಸು ನಿಲ್ಲುತ್ತಿದ್ದ ಚಹಾದಂಗಡಿಯ ಸೂರಿನ ಗಳುವಿಗೆ ಎರಡು ಲೋಟಗಳನ್ನು ಹೊರಗಡೆ ಸಿಕ್ಕಿಸಿರುತ್ತಿದ್ದರು. ಕೇರಿಯವರು ಅದನ್ನು ತಾವೇ ತೆಗೆದು, ಚಹಾ ಕುಡಿದು, ತಾವೇ ತೊಳೆದು ಅಲ್ಲೇ ಸಿಕ್ಕಿಸಬೇಕಿತ್ತು. ಆ ಮಾರ್ಗದಲ್ಲಿ ವಯಸ್ಸಾದ ಒಬ್ಬ ವ್ಯಕ್ತಿ, ಪಕ್ಕದಲ್ಲಿ ಸೀಟು ಖಾಲಿ ಇದ್ದರೂ, ಕಂಬ ಹಿಡಿದು ಒಂದೂವರೆ ಗಂಟೆ ನಿಂತೇ ಬಂದರು. ಸೀಟಿನ ಇನ್ನೊಂದು ಬದಿಯಲ್ಲಿ ಊರಿನ ಯಜಮಾನರು ಕುಳಿತಿದ್ದರು. ನಾನು ಇಬ್ಬರಿಗೂ ಒಂದೇ ದರದ ಟಿಕೆಟ್ ಹರಿದು ಕೊಟ್ಟಿದ್ದೆ. ‘ಕೂತ್ಕೊಳ್ಳಿ ಅಜ್ಜ’ ಎಂಬ ಎರಡು ಮಾತು ನನ್ನ ಬಾಯಿಂದ ಬರಲಿಲ್ಲ. ನಮ್ಮ ಬಸ್ಸಿನಲ್ಲಿ ಯಾವ ಫಲಕವೂ ಇರಲಿಲ್ಲ, ಕಾನೂನು ಅವರ ಪರವಾಗಿಯೇ ಇತ್ತು. ನಿರ್ವಾಹಕನ ಜಾಗದಲ್ಲಿದ್ದವನು ನಾನು. ಈ ಮಾತನ್ನು ನಾನು ಮಗಳಿಗೆ ಮೊದಲ ಬಾರಿ ಹೇಳಿದ್ದು ಆ ಸಂಗ್ರಹಾಲಯದ ಹೊರಗಿನ ಬೆಂಚಿನ ಮೇಲೆ ಕುಳಿತು.

ಮಾಂಟ್‌ಗೊಮರಿಗೂ ನಮಗೂ ಇರುವ ಈ ನಂಟನ್ನು ಸ್ವತಃ ಕಿಂಗ್ ಅವರೇ ಗುರುತಿಸಿದ್ದರು. 1959ರಲ್ಲಿ, ಡೆಕ್ಸ್ಟರ್ ಚರ್ಚಿನ ಪಾದ್ರಿಯಾಗಿದ್ದಾಗಲೇ, ಅವರು ಪತ್ನಿ ಕೊರೆಟಾ ಅವರೊಂದಿಗೆ ಗಾಂಧೀಜಿಯ ನಾಡನ್ನು ನೋಡಲೆಂದು ಭಾರತಕ್ಕೆ ಬಂದು ಒಂದು ತಿಂಗಳು ಸುತ್ತಾಡಿದರು. ತಿರುವನಂತಪುರದ ಕಡೆ, ದಲಿತ ಮಕ್ಕಳು ಓದುತ್ತಿದ್ದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ನಮ್ಮಂಥ ಅಸ್ಪೃಶ್ಯರೊಬ್ಬರು ಎಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಆಘಾತವಾಯಿತು, ಆಮೇಲೆ ಯೋಚಿಸಿದಾಗ ಹೌದು, ನಾನೂ ಒಬ್ಬ ಅಸ್ಪೃಶ್ಯನೇ ಎಂದು ಅನಿಸಿತು ಎಂಬುದಾಗಿ ಕಿಂಗ್ 1965ರ ಒಂದು ಧರ್ಮೋಪದೇಶದಲ್ಲಿ ಹೇಳಿದ್ದಾರೆ. ಆದ್ದರಿಂದ ಆ ಊರಿಗೆ ನಾವು ಬರೀ ಪ್ರೇಕ್ಷಕರಾಗಿ ಹೋಗಲಾಗದು.

ಎರಡನೆಯ ದಿನದ ಬೆಳಗನ್ನು ಕಿಂಗ್ ಕುಟುಂಬ ವಾಸವಿದ್ದ ಸೌತ್ ಜಾಕ್ಸನ್ ಬೀದಿಯ ಮನೆಗೆ ಮೀಸಲಿಡಿ. ಸಾಧಾರಣ ಮರದ ಮನೆ, ಮುಂದೆ ಜಗಲಿ. 1956ರ ಜನವರಿ 30ರ ರಾತ್ರಿ ಈ ಜಗಲಿಯ ಮೇಲೆ ಬಾಂಬ್ ಎಸೆದರು. ಒಳಗೆ ಕೊರೆಟಾ ಮತ್ತು ಎರಡೂವರೆ ತಿಂಗಳ ಹಸುಗೂಸು ಇದ್ದರು. ಸ್ಫೋಟದಿಂದಾದ ಗುಳಿ ಜಗಲಿಯಲ್ಲಿ ಇಂದಿಗೂ ಕಾಣುತ್ತದೆ. ಅದಕ್ಕೆ ಮೂರು ದಿನ ಮೊದಲು ಬೆದರಿಕೆಯ ದೂರವಾಣಿ ಕರೆಯ ನಂತರ ನಿದ್ದೆ ಬಾರದ ಕಿಂಗ್ ಮಧ್ಯರಾತ್ರಿ ಕುಳಿತು ಪ್ರಾರ್ಥಿಸಿದ ಅಡುಗೆಮನೆಯನ್ನೂ ನೋಡಬಹುದು. ನಮ್ಮ ಅಡುಗೆಮನೆಯಷ್ಟೇ ಇಕ್ಕಟ್ಟು, ಒಂದು ಮೇಜು, ನಾಲ್ಕು ಕುರ್ಚಿ.

ಅಂದಿನ ಉಳಿದ ಹೊತ್ತು, ಮೂರನೆಯ ದಿನದ ಬೆಳಿಗ್ಗೆಯೂ ಸೇರಿ, ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್ ಎಂಬ ಸಂಸ್ಥೆ ಕಟ್ಟಿರುವ ಮೂರು ಸ್ಥಳಗಳಿಗೆ ಬೇಕು. ವಕೀಲ ಬ್ರಯನ್ ಸ್ಟೀವನ್‌ಸನ್ ಸ್ಥಾಪಿಸಿದ ಸಂಸ್ಥೆ ಇದು. ನಾವು ಹೋದಾಗ ಮೂರಕ್ಕೂ ಸೇರಿ ಒಬ್ಬರಿಗೆ ಐದೇ ಡಾಲರ್, ಒಂದರಿಂದ ಇನ್ನೊಂದಕ್ಕೆ ಕರೆದೊಯ್ಯುವ ವಾಹನವೂ ಅದರಲ್ಲೇ ಸೇರಿತ್ತು. ಲೆಗಸಿ ಮ್ಯೂಸಿಯಮ್ಮಿನೊಳಗೆ ಫೋಟೊ ತೆಗೆಯುವಂತಿಲ್ಲ. ಅಲ್ಲಿ ಗೋಡೆಯುದ್ದಕ್ಕೂ ಗಾಜಿನ ಭರಣಿಗಳನ್ನು ಜೋಡಿಸಿದ್ದಾರೆ. ಗುಂಪು ಸೇರಿ ಕಪ್ಪು ಜನರನ್ನು ಕೊಂದ ಜಾಗಗಳಿಂದ ತಂದ ಮಣ್ಣು ಅವುಗಳಲ್ಲಿದೆ, ಮೇಲೆ ಸತ್ತವರ ಹೆಸರು. ನಮ್ಮ ಮನೆಯ ಉಪ್ಪಿನಕಾಯಿ ಭರಣಿಯಷ್ಟೇ ದೊಡ್ಡದು. ಒಂದರಲ್ಲಿ ಕೆಮ್ಮಣ್ಣು, ಪಕ್ಕದ್ದರಲ್ಲಿ ಎರೆಮಣ್ಣಿನಂಥ ಕಪ್ಪು, ಮತ್ತೊಂದರಲ್ಲಿ ನದೀತೀರದ ಮರಳು. ಮಣ್ಣಿನ ಬಣ್ಣ ನೋಡಿಯೇ ಊರು ಹೇಳಬಲ್ಲ ನಮ್ಮ ರೈತರು ಆ ಗೋಡೆಯ ಮುಂದೆ ನಿಂತರೆ ಅವರಿಗೆ ಯಾರೂ ಇಂಗ್ಲಿಷ್ ಓದಿ ಹೇಳಬೇಕಾಗುವುದಿಲ್ಲ.

ಊರನ್ನು ನೋಡುವ ಗುಡ್ಡದ ಮೇಲೆ, ಆರು ಎಕರೆಯಲ್ಲಿ, 2018ರ ಏಪ್ರಿಲ್‌ನಲ್ಲಿ ತೆರೆದ ಸ್ಮಾರಕವಿದೆ. 1877ರಿಂದ 1950ರ ನಡುವೆ ಹೀಗೆ ಕೊಲ್ಲಲ್ಪಟ್ಟ 4,400ಕ್ಕೂ ಹೆಚ್ಚು ಜನರ ಸ್ಮರಣೆಗಾಗಿ, ಕೊಲೆ ನಡೆದ ಒಂದೊಂದು ಕೌಂಟಿಗೆ, ಅಂದರೆ ಜಿಲ್ಲೆಗೆ, ಒಂದರಂತೆ 800ಕ್ಕೂ ಹೆಚ್ಚು ತುಕ್ಕುಬಣ್ಣದ ಉಕ್ಕಿನ ಕಂಬಗಳು. ಮೊದಲು ಅವು ನೆಲದ ಮೇಲೆ, ನಮ್ಮ ಎತ್ತರದಲ್ಲಿ, ಎದುರಿಗೆ ನಿಂತ ಮನುಷ್ಯರಂತೆ ಕಾಣುತ್ತವೆ. ಹೆಸರನ್ನು ಬೆರಳಿಟ್ಟು ಓದಬಹುದು. ಮುಂದೆ ಸಾಗಿದಂತೆ ಕಾಲ ಕೆಳಗಿನ ನೆಲ ಇಳಿಜಾರಾಗುತ್ತದೆ, ಕಂಬಗಳು ಅದೇ ಮಟ್ಟದಲ್ಲಿ ಉಳಿದು ನಿಧಾನವಾಗಿ ನಮ್ಮ ತಲೆಯ ಮೇಲಕ್ಕೆ ಹೋಗುತ್ತವೆ, ಕೊನೆಗೆ ಎಲ್ಲವೂ ಮೇಲಿನಿಂದ ನೇತಾಡುತ್ತಿರುತ್ತವೆ. ಕೆಲವು ಸಾವುಗಳ ಕಾರಣವನ್ನು ಅಲ್ಲಿ ಒಂದೊಂದು ವಾಕ್ಯದಲ್ಲಿ ಬರೆದಿದ್ದಾರೆ. ಜೆಸ್ಸಿ ಥಾರ್ನ್‌ಟನ್ ಎಂಬುವರನ್ನು 1940ರಲ್ಲಿ ಅಲಬಾಮಾದ ಲುವರ್ನ್ ಎಂಬ ಊರಿನಲ್ಲಿ ಕೊಂದದ್ದು, ಬಿಳಿಯ ಪೊಲೀಸನೊಬ್ಬನನ್ನು ‘ಮಿಸ್ಟರ್’ ಎನ್ನದೆ ಬರೀ ಹೆಸರಿನಿಂದ ಕರೆದದ್ದಕ್ಕೆ. ಯಾರನ್ನು ಏಕವಚನದಲ್ಲಿ ಕರೆಯಬಹುದು, ಯಾರನ್ನು ಬಹುವಚನದಲ್ಲೇ ಕರೆಯಬೇಕು ಎಂಬ ಲೆಕ್ಕದಲ್ಲೇ ಬೆಳೆದ ನಮಗೆ ಆ ವಾಕ್ಯವನ್ನು ದಾಟಿ ಮುಂದೆ ಹೋಗಲು ಕಷ್ಟವಾಯಿತು.

ಮೂರನೆಯದು ಅಲಬಾಮಾ ನದಿಯ ದಡದಲ್ಲಿ 2024ರಲ್ಲಿ ತೆರೆದ ಶಿಲ್ಪವನ. ಅಲ್ಲಿರುವ 43 ಅಡಿ ಎತ್ತರದ ಗೋಡೆಯ ಮೇಲೆ, ಬಿಡುಗಡೆಯಾದ ಗುಲಾಮರು 1870ರ ಜನಗಣತಿಯಲ್ಲಿ ಮೊದಲ ಬಾರಿಗೆ ಬರೆಸಿಕೊಂಡ ಮನೆತನದ ಹೆಸರುಗಳು, 1 ಲಕ್ಷ 22 ಸಾವಿರಕ್ಕೂ ಹೆಚ್ಚು, ಕೆತ್ತಲ್ಪಟ್ಟಿವೆ. ಇಲ್ಲಿ ನೆರಳು ಕಡಿಮೆ, ನಡಿಗೆ ಹೆಚ್ಚು. ಹಿರಿಯರು ಬೆಳಗಿನ ಹೊತ್ತಿನಲ್ಲೇ ನೋಡುವುದು ಒಳ್ಳೆಯದು. ಒಂದೇ ದಿನದಲ್ಲಿ ಮೂರನ್ನೂ ಮುಗಿಸಲು ಹೋಗಬೇಡಿ. ಲೆಗಸಿ ಮ್ಯೂಸಿಯಮ್ ನೋಡಿದ ಮೇಲೆ ಮನುಷ್ಯನಿಗೆ ಸ್ವಲ್ಪ ಹೊತ್ತು ಮಾತು ಬೇಕಾಗುವುದಿಲ್ಲ. ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಮುನ್ನ ಯೋಚಿಸಿ. ನಮ್ಮ ಎಂಟು ವರ್ಷದ ಮೊಮ್ಮಗನನ್ನು ಅಳಿಯ ಆ ಹೊತ್ತು ನದೀತೀರದಲ್ಲಿ ಆಡಿಸಿದರು, ಬಸ್ಸಿನ ಸಂಗ್ರಹಾಲಯಕ್ಕೆ ಮಾತ್ರ ಅವನನ್ನು ಕರೆದುಕೊಂಡು ಹೋದೆವು. ಸಂಜೆ, ಹಕ್ಕುಗಳ ಹೋರಾಟದಲ್ಲಿ ಪ್ರಾಣ ಕಳೆದುಕೊಂಡವರಿಗಾಗಿ ವಾಸ್ತುಶಿಲ್ಪಿ ಮಾಯಾ ಲಿನ್ ವಿನ್ಯಾಸ ಮಾಡಿದ ಸ್ಮಾರಕದಲ್ಲಿ, ಕರಿಕಲ್ಲಿನ ದುಂಡು ಮೇಜಿನ ಮೇಲೆ ತೆಳುವಾಗಿ ಹರಿಯುವ ನೀರಿನೊಳಗೆ ಕೈಯಿಟ್ಟು ಹೆಸರುಗಳನ್ನು ಮುಟ್ಟಿದ್ದೂ ಅವನೇ.

ಊಟದ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮ ಹಿರಿಯರ ಮೊದಲ ಚಿಂತೆಯೇ ಅದು. ಅಲ್ಲಿನ ಹೋಟೆಲುಗಳಲ್ಲಿ ಬರೀ ತರಕಾರಿಯ ತಟ್ಟೆ ಸಿಗುತ್ತದೆ, ಆದರೆ ಸೊಪ್ಪು, ಹುರುಳಿಕಾಯಿಗಳನ್ನು ಹಂದಿಮಾಂಸದ ತುಂಡು ಹಾಕಿ ಬೇಯಿಸುವುದು ಆ ಸೀಮೆಯ ಪದ್ಧತಿ. ಸಸ್ಯಾಹಾರಿಗಳು ಒಂದೊಂದನ್ನೂ ಕೇಳಿಯೇ ಹಾಕಿಸಿಕೊಳ್ಳಬೇಕು. ಮೆಕ್ಕೆಜೋಳದ ನುಚ್ಚಿನ ಗಂಜಿಯನ್ನು ಗ್ರಿಟ್ಸ್ ಎನ್ನುತ್ತಾರೆ; ಉಪ್ಪು, ಬೆಣ್ಣೆ ಹಾಕಿಕೊಂಡರೆ ನಮ್ಮ ನಾಲಿಗೆಗೆ ಹಿಡಿಸುತ್ತದೆ. ಬೆಂಡೆಕಾಯಿ, ಅಲಸಂದೆ ಎರಡೂ ಅಲ್ಲಿಯ ನಿತ್ಯದ ಅಡುಗೆ. ಎರಡೂ ಆಫ್ರಿಕಾದಿಂದ ಗುಲಾಮರ ಜತೆಗೆ ಆ ನೆಲಕ್ಕೆ ಹೋದವು, ಅಲಸಂದೆ ಆಫ್ರಿಕಾದಿಂದಲೇ ನಮ್ಮ ಹೊಲಗಳಿಗೂ ಬಂತು. ಸೆಪ್ಟೆಂಬರ್‌ವರೆಗಿನ ಬಿಸಿಲು, ಬೆವರು ಮಂಗಳೂರನ್ನು ನೆನಪಿಸುತ್ತವೆ. ವಸಂತದಲ್ಲಿ ಸುಂಟರಗಾಳಿಯ ಭಯ. ಅಕ್ಟೋಬರ್ ಹಿತ. ವೈದ್ಯಕೀಯ ವಿಮೆಯ ಕಾಗದ, ದಿನನಿತ್ಯದ ಮಾತ್ರೆಗಳು ಮನೆಯಲ್ಲಿ ಬಿಟ್ಟುಹೋಗುವಂಥವಲ್ಲ.

ಇನ್ನೊಂದು ದಿನ ಹೊಂದಿಸಬಲ್ಲವರು ಬರುವ ದಾರಿಯಲ್ಲೇ, ಸುಮಾರು 40 ಮೈಲಿ ಮೊದಲು, ಟಸ್ಕೀಗಿಯಲ್ಲಿ ಇಳಿಯಬಹುದು. ಕಪ್ಪು ಜನರ ಶಿಕ್ಷಣಕ್ಕಾಗಿ ಬೂಕರ್ ಟಿ. ವಾಷಿಂಗ್ಟನ್ 1881ರಲ್ಲಿ ಆರಂಭಿಸಿದ ವಿದ್ಯಾಸಂಸ್ಥೆ ಅದು. ಶೇಂಗಾ ಬೆಳೆದು ಮಣ್ಣನ್ನು ಉಳಿಸಿಕೊಳ್ಳಲು ಬಡ ರೈತರಿಗೆ ಕಲಿಸಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಕರ್ಮಭೂಮಿಯೂ ಹೌದು. ಸೆಲ್ಮಾ ಪಶ್ಚಿಮಕ್ಕಿದೆ, 1965ರ ಮೆರವಣಿಗೆ ದಾಟಿಬಂದ ಅಲ್ಲಿಯ ಸೇತುವೆಯನ್ನು ಈಗಲೂ ನಡೆದು ದಾಟಬಹುದು. ನಮಗೆ ಅಲ್ಲಿಗೆ ಹೋಗಲಾಗಲಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಬಾರಿ ಅಮೆರಿಕ ಪ್ರವಾಸದ ಲೇಖನ ಬರೆಸುವಾಗ ದಕ್ಷಿಣದ ಈ ಊರಿಗೂ ಒಂದು ಪುಟ ಕೊಡಿ, ಹೋಗಿಬಂದ ಕನ್ನಡಿಗರಿಂದಲೇ ಬರೆಸಿ. ಅಟ್ಲಾಂಟಾದಲ್ಲಿ, ಅದರ ಸುತ್ತಮುತ್ತ ನೆಲೆಸಿರುವ ಕನ್ನಡದ ಮಕ್ಕಳು ಈ ಪತ್ರವನ್ನು ಓದಿದರೆ, ಅಪ್ಪ ಅಮ್ಮ ಬರುವ ದಿನ ನಿಗದಿಯಾದ ಕೂಡಲೇ ಡೆಕ್ಸ್ಟರ್ ಚರ್ಚಿನ ಭೇಟಿಗೆ ಸಮಯ ಕಾಯ್ದಿರಿಸಿ, ಒಂದು ಗುರುವಾರ ಮತ್ತು ಶುಕ್ರವಾರ ರಜೆ ಬರೆದಿಡಲಿ. ಬಸ್ಸಿನ ಸಂಗ್ರಹಾಲಯದಲ್ಲಿ ಮಾತೆಲ್ಲ ಅಮೆರಿಕದ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಬಹಳ ವೇಗವಾಗಿ ಸಾಗುತ್ತದೆ. ಪಕ್ಕದಲ್ಲಿ ನಿಂತು ಮೆಲ್ಲಗೆ ಕನ್ನಡದಲ್ಲಿ ಹೇಳುವವರೊಬ್ಬರು ಬೇಕು. ನಮ್ಮ ಮಗಳು ಅದನ್ನು ನಮಗಾಗಿ ಮಾಡಿದಳು.

ತಮ್ಮ ವಿಶ್ವಾಸಿ,
ನಿವೃತ್ತ ಸಂಚಾರ ನಿಯಂತ್ರಕ
ಶಿವಮೊಗ್ಗ